ಕರಿಯ ಸೇಡು ತೀರಿಸಿಕೊಳ್ಳುತ್ತಿಲ್ಲ: ಗಂಡುನಾಯಿ ಮನೆಯೊಳಗೆ ಕಾಲೆತ್ತಿದರೆ ಏನು ಮಾಡಬೇಕು?

ಪ್ರಶ್ನೆ: ನಮ್ಮ ಕರಿಯನಿಗೆ ಈಗ ಒಂದೂಕಾಲು ವರ್ಷ. ನಾಟಿ ನಾಯಿ, 18 ಕೆಜಿ ಇದ್ದಾನೆ. ಎರಡು ತಿಂಗಳ ಮರಿಯಾಗಿದ್ದಾಗ ನಂಜನಗೂಡಿನ ನಮ್ಮ ಮನೆ ಮುಂದೆ, ಚರಂಡಿ ಪಕ್ಕ ಸಿಕ್ಕಿದ. ಅಲ್ಲಿ ಹಿತ್ತಿಲಿತ್ತು, ಬೇಕೆಂದಾಗ ಹೋಗಿ ಬರುತ್ತಿದ್ದ. ಎರಡು ತಿಂಗಳ ಹಿಂದೆ ಮೈಸೂರಿಗೆ, ಎರಡನೇ ಮಹಡಿಯ ಬಾಡಿಗೆ ಮನೆಗೆ ಬಂದೆವು. ಬಂದಾಗಿನಿಂದ ಸೋಫಾ ಕಾಲು, ಗ್ಯಾಸ್ ಸಿಲಿಂಡರ್, ಚಪ್ಪಲಿ ಸ್ಟ್ಯಾಂಡ್, ಕೊನೆಗೆ ದೇವರ ಮನೆ ಬಾಗಿಲಿಗೂ ಕಾಲೆತ್ತುತ್ತಾನೆ. ಕೆಲವು ದಿನ ಬೆಳಗ್ಗೆ ಎದ್ದರೆ ಹಜಾರದ ಮಧ್ಯೆ ದೊಡ್ಡ ಮಡುವೇ ನಿಂತಿರುತ್ತದೆ. ಯಜಮಾನರು ಮೂತಿ ಹಿಡಿದು ಉಜ್ಜಿ ಬೈದರು, ಪ್ರಯೋಜನವಾಗಲಿಲ್ಲ. ಅತ್ತೆಯವರು "ಊರು ಬಿಡಿಸಿದ್ದಕ್ಕೆ ಸೇಡು ತೀರಿಸಿಕೊಳ್ತಿದೆ, ವಾಪಸ್ ಬಿಟ್ಟು ಬನ್ನಿ" ಅನ್ನುತ್ತಾರೆ. ಬೀಜ ತೆಗೆಸಿದರೆ ಸರಿಹೋಗುತ್ತಾ ಡಾಕ್ಟ್ರೇ?

ಉತ್ತರ: ಮೊದಲು ಅತ್ತೆಯವರ ಮಾತಿಗೆ ಉತ್ತರ ಹೇಳುತ್ತೇನೆ. ಕರಿಯ ನಿಮ್ಮ ಮನೆಯಲ್ಲಿ ಉಳಿಯುತ್ತಾನೋ ಇಲ್ಲವೋ ಅನ್ನುವುದು ಅದರ ಮೇಲೆ ನಿಂತಿದೆ. ನಾಯಿ ಉಚ್ಚೆ ಹೊಯ್ದು ಸೇಡು ತೀರಿಸಿಕೊಳ್ಳುವುದಿಲ್ಲ. ಉಚ್ಚೆ ಹೊಲಸು ಅನ್ನುವುದು ನಮ್ಮ ಲೆಕ್ಕ, ಅದರದ್ದಲ್ಲ. ನಾಯಿಗೆ ಉಚ್ಚೆಯ ವಾಸನೆ ಅಂದರೆ ಸುದ್ದಿ. ಇಲ್ಲಿ ಯಾರು ಬಂದಿದ್ದರು, ಗಂಡೋ ಹೆಣ್ಣೋ, ಬಂದು ಎಷ್ಟು ಹೊತ್ತಾಯಿತು, ಎಲ್ಲವನ್ನೂ ಅದು ಮೂಗಿನಲ್ಲೇ ಓದುತ್ತದೆ. ಕರಿಯ ಹೊಸ ಊರಿಗೆ, ಹೊಸ ಮನೆಗೆ ಬಂದಿದ್ದಾನೆ. ಇಲ್ಲಿ ಅವನ ವಾಸನೆ ಎಲ್ಲೂ ಇಲ್ಲ. ಅದನ್ನು ಹಚ್ಚುತ್ತಿದ್ದಾನೆ, ಅಷ್ಟೇ. ದಯವಿಟ್ಟು ಅತ್ತೆಯವರಿಗೆ ಇದನ್ನು ಓದಿ ಹೇಳಿ.

ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಸೇರಿಕೊಂಡಿವೆ. ಸೋಫಾ ಕಾಲು, ಸಿಲಿಂಡರ್, ಬಾಗಿಲ ಚೌಕಟ್ಟು: ಇವೆಲ್ಲ ನೆಟ್ಟಗೆ ನಿಂತ ವಸ್ತುಗಳು. ಅಲ್ಲಿ ಅವನು ಕಾಲೆತ್ತಿ ಸ್ವಲ್ಪವೇ ಚಿಮುಕಿಸಿ ಹೋಗುತ್ತಾನೆ. ಇದು ಗುರುತು ಹಾಕುವುದು. ಗಂಡುನಾಯಿಗಳಲ್ಲಿ ಆರು ತಿಂಗಳಿಂದ ಒಂದು ವರ್ಷದೊಳಗೆ, ಮೈನೆರೆಯುವ ಹೊತ್ತಿಗೆ ಶುರುವಾಗುತ್ತದೆ. ಬೆಳಗ್ಗೆ ಹಜಾರದ ಮಧ್ಯೆ ನಿಂತಿರುವ ಮಡು ಹಾಗಲ್ಲ. ಅದು ತಡೆಯಲಾಗದೆ ಮೂತ್ರಚೀಲ ಖಾಲಿ ಮಾಡಿದ್ದು. ಒಂದಕ್ಕೆ ಮಾಡುವ ಉಪಾಯ ಇನ್ನೊಂದಕ್ಕೆ ಹಿಡಿಸುವುದಿಲ್ಲ. ಎಷ್ಟೋ ಮನೆಗಳಲ್ಲಿ ತಿಂಗಳುಗಟ್ಟಲೆ ಒದ್ದಾಡುವುದು ಈ ಎರಡನ್ನೂ ಒಂದೇ ಅಂದುಕೊಂಡಿದ್ದರಿಂದ.

ಆದರೆ ಇವೆರಡಕ್ಕೂ ಮೊದಲು ಮೂತ್ರ ಪರೀಕ್ಷೆ. ಇದನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಹೀಗೇ ಮನೆಯೊಳಗೆ ಉಚ್ಚೆ ಮಾಡುತ್ತಿದ್ದ ಗಂಡುನಾಯಿಯೊಂದನ್ನು ಮೂರು ತಿಂಗಳು ಹೊಡೆದು ಬೈದು, ಆಮೇಲೆ ನನ್ನ ಹತ್ತಿರ ತಂದರು. ಎಕ್ಸ್‌ರೇ ತೆಗೆದರೆ ಮೂತ್ರಚೀಲದ ತುಂಬ ಕಲ್ಲು. ಮೂರು ತಿಂಗಳೂ ಅದು ನೋವಿನಲ್ಲಿತ್ತು. ಆ ಮನೆಯವರು ಅಲ್ಲೇ ಕೂತು ಅತ್ತರು. ನನಗೆ ಇವತ್ತಿಗೂ ಆ ನಾಯಿಯ ನೆನಪಾಗುತ್ತದೆ.

ಮಾದರಿ ಹಿಡಿಯುವುದು ಸುಲಭ. ಬೆಳಗ್ಗೆ ಮೊದಲ ಸಲ ಹೊರಗೆ ಹೋದಾಗ, ಉದ್ದ ಹಿಡಿಯ ಹಳೇ ಸ್ಟೀಲ್ ಸೌಟನ್ನು ಚೆನ್ನಾಗಿ ತೊಳೆದು ಒಣಗಿಸಿ ತೆಗೆದುಕೊಂಡು ಹೋಗಿ. ಅವನು ಶುರು ಮಾಡಿದ ಮೇಲೆ ನಿಧಾನಕ್ಕೆ ಕೆಳಗೆ ಹಿಡಿಯಿರಿ. ಮೆಡಿಕಲ್ ಸ್ಟೋರ್‌ನಲ್ಲಿ ಸಿಗುವ ಮುಚ್ಚಳದ ಡಬ್ಬಿಗೆ ಸುರಿದು ಒಂದು ಗಂಟೆಯೊಳಗೆ ಪಶುವೈದ್ಯರಿಗೆ ಕೊಡಿ. ಸೋಂಕು, ಸಕ್ಕರೆ, ರಕ್ತ, ಹರಳು ಇದ್ದರೆ ಅದರಲ್ಲಿ ಗೊತ್ತಾಗುತ್ತದೆ. ಜೊತೆಗೆ ಎರಡು ದಿನ ಅವನು ಎಷ್ಟು ನೀರು ಕುಡಿಯುತ್ತಾನೆ ಅಂತ ಅಳೆಯಿರಿ. ಬಾಟಲಿಯಲ್ಲಿ ಅಳೆದು ಬಟ್ಟಲಿಗೆ ಹಾಕಿ, ಮಾರನೇ ದಿನ ಉಳಿದದ್ದನ್ನು ಕಳೆದರೆ ಆಯಿತು. ಆರೋಗ್ಯವಾಗಿರುವ ನಾಯಿ ದಿನಕ್ಕೆ ತೂಕದ ಪ್ರತಿ ಕೆಜಿಗೆ ಸುಮಾರು 50-60 ಮಿಲಿ ಕುಡಿಯುತ್ತದೆ. ಅಂದರೆ ಕರಿಯನಿಗೆ ಒಂದು ಲೀಟರ್ ಆಸುಪಾಸು. ಬೇಸಿಗೆಯಲ್ಲಿ, ಓಡಾಟ ಇದ್ದ ದಿನ ಇನ್ನೊಂದಿಷ್ಟು ಜಾಸ್ತಿ. 1.8 ಲೀಟರ್ ದಾಟಿದರೆ ಅದು ಸರಿಯಲ್ಲ, ಒಳಗೆ ಏನೋ ಇದೆ ಎಂದರ್ಥ. ಚರ್ಮದ ತುರಿಕೆಗೆ ಸ್ಟೀರಾಯ್ಡ್ ಮಾತ್ರೆ ನಡೆಯುತ್ತಿದ್ದರೂ ನೀರು, ಉಚ್ಚೆ ಎರಡೂ ಹೆಚ್ಚುತ್ತವೆ. ಅಂಥ ಔಷಧ ಕೊಡುತ್ತಿದ್ದರೆ ವೈದ್ಯರಿಗೆ ಮರೆಯದೆ ಹೇಳಿ.

ಒಂದು ಎಚ್ಚರಿಕೆಯನ್ನು ಗಂಡುನಾಯಿ ಸಾಕಿದ ಎಲ್ಲರೂ ನೆನಪಿಡಬೇಕು. ನಾಯಿ ಮತ್ತೆ ಮತ್ತೆ ಕಾಲೆತ್ತಿ ತಿಣುಕುತ್ತಿದೆ, ಹನಿಹನಿ ಬರುತ್ತಿದೆ ಅಥವಾ ಏನೂ ಬರುತ್ತಿಲ್ಲ ಅಂದರೆ ಅದು ಗುರುತು ಹಾಕುವುದಲ್ಲ. ಗಂಡುನಾಯಿಯ ಮೂತ್ರನಾಳ ಶಿಶ್ನದ ಮೂಳೆಯ ಹತ್ತಿರ ಕಿರಿದಾಗುತ್ತದೆ, ಕಲ್ಲು ಬಂದು ಸಿಕ್ಕಿಕೊಳ್ಳುವುದು ಅಲ್ಲೇ. ಪೂರ್ತಿ ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಪ್ರಾಣಕ್ಕೇ ಕುತ್ತು. ರಾತ್ರಿ ಎಷ್ಟು ಹೊತ್ತಾಗಿದ್ದರೂ ಆಸ್ಪತ್ರೆಗೆ ಹೊರಡಿ.

ಪರೀಕ್ಷೆಯಲ್ಲಿ ಏನೂ ಇಲ್ಲ ಅಂದುಕೊಂಡು ಮುಂದೆ ಹೋಗೋಣ.

ಯಜಮಾನರು ಮೂತಿ ಉಜ್ಜಿದ ವಿಷಯ. ನಮ್ಮಲ್ಲಿ ತುಂಬಾ ಜನ ಹೀಗೆ ಮಾಡುತ್ತಾರೆ, ಹಿರಿಯರು ಹೇಳಿಕೊಟ್ಟದ್ದೂ ಅದನ್ನೇ. ಆದರೆ ಇದರಿಂದ ನಾಯಿ ಕಲಿಯುವುದು ಬೇರೆ ಪಾಠ. "ಒಳಗೆ ಮಾಡಬಾರದು" ಅಂತ ಕಲಿಯುವುದಿಲ್ಲ, "ಇವರ ಎದುರು ಮಾಡಬಾರದು" ಅಂತ ಕಲಿಯುತ್ತದೆ. ಆಮೇಲೆ ಅದು ಮಂಚದ ಹಿಂದೆ, ಬೀರು ಸಂದಿಯಲ್ಲಿ ಮಾಡುತ್ತದೆ. ಹೊರಗೆ ಕರೆದುಕೊಂಡು ಹೋದರೂ ನಿಮ್ಮ ಮುಂದೆ ಮಾಡಲು ಹೆದರಿ, ಮನೆಗೆ ಬಂದ ಮೇಲೆ ಮರೆಯಲ್ಲಿ ಮುಗಿಸುತ್ತದೆ. "ತಪ್ಪು ಮಾಡಿದ್ದು ಅದಕ್ಕೆ ಗೊತ್ತು ಸಾರ್, ಮುಖ ನೋಡಿದರೇ ತಿಳಿಯುತ್ತೆ" ಅನ್ನುತ್ತಾರೆ. ಈ ತಪ್ಪಿತಸ್ಥ ಮುಖವನ್ನು ನ್ಯೂಯಾರ್ಕಿನಲ್ಲಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ವಿಜ್ಞಾನಿ 14 ನಾಯಿಗಳ ಮೇಲೆ ಪರೀಕ್ಷಿಸಿ, 2009ರಲ್ಲಿ ಪ್ರಕಟಿಸಿದರು. ತಿನ್ನಬೇಡ ಎಂದ ತಿಂಡಿಯನ್ನು ತಿಂದ ನಾಯಿಯೂ, ತಿನ್ನದ ನಾಯಿಯೂ ಅದೇ ಮುಖ ಮಾಡಿದವು. ಆ ಮುಖ ಬಂದದ್ದು ತಪ್ಪಿನಿಂದಲ್ಲ, ಸಾಕಿದವರ ಗದರಿಕೆಯಿಂದ. ತಿನ್ನದೆಯೂ ಬೈಸಿಕೊಂಡ ನಾಯಿಗಳಲ್ಲೇ ಅದು ಜಾಸ್ತಿ ಕಂಡಿತು. ಕಿವಿ ಹಿಂದೆ ಮಡಚಿ, ತಲೆ ತಗ್ಗಿಸಿ, ಕರಿಯ ನಿಮಗೆ ಹೇಳುವುದು "ನನಗೆ ಭಯವಾಗ್ತಿದೆ" ಅಂತ. ಇವತ್ತಿನಿಂದ ಬೈಯುವುದು, ಹೊಡೆಯುವುದು, ಉಜ್ಜುವುದು ಪೂರ್ತಿ ನಿಲ್ಲಲಿ. ಕಣ್ಣೆದುರೇ ಕಾಲೆತ್ತಿದರೆ ಒಂದು ಚಪ್ಪಾಳೆ ತಟ್ಟಿ, "ಕರಿಯಾ, ಬಾ" ಅಂತ ಕರೆದು ಹೊರಗೆ ಓಡಿಸಿಕೊಂಡು ಹೋಗಿ. ಮುಗಿದುಹೋದದ್ದನ್ನು ಆಮೇಲೆ ನೋಡಿದರೆ ಏನೂ ಅನ್ನದೆ ಒರೆಸಿ.

ಆದರೆ ಸುಮ್ನೆ ಒರೆಸಿದರೆ ಸಾಲದು. ನನ್ನ ಅನುಭವದಲ್ಲಿ ಅರ್ಧ ಮನೆಗಳು ಸೋಲುವುದು ಇಲ್ಲೇ.

ನಮ್ಮ ಮನೆಗಳಲ್ಲಿ ಉಚ್ಚೆ ಕಂಡರೆ ಫಿನಾಯಿಲ್. ಫಿನಾಯಿಲ್ ಉಚ್ಚೆಯ ವಾಸನೆಯನ್ನು ನಮ್ಮ ಮೂಗಿನಿಂದ ಮುಚ್ಚುತ್ತದೆಯೇ ಹೊರತು ತೆಗೆಯುವುದಿಲ್ಲ. ನಾಯಿಗೆ ಅದರ ಕೆಳಗಿನ ವಾಸನೆ ಹಾಗೇ ಸಿಗುತ್ತದೆ. ಮತ್ತೆ ಅಲ್ಲಿಗೇ ಬರುತ್ತದೆ. ಬೇಕಾಗಿರುವುದು ಎಂಜೈಮ್, ಅಂದರೆ ಉಚ್ಚೆಯ ಅಂಶವನ್ನೇ ಒಡೆದುಹಾಕುವ ಕಿಣ್ವ, ಇರುವ ಕ್ಲೀನರ್. ಸಾಕುಪ್ರಾಣಿ ಸಾಮಾನಿನ ಅಂಗಡಿಗಳಲ್ಲಿ, ಆನ್‌ಲೈನಿನಲ್ಲಿ ಸಿಗುತ್ತದೆ. ಮೊದಲು ಹಳೇ ಬಟ್ಟೆಯಿಂದ ಒತ್ತಿ ಹೀರಿಸಿ. ಬರೀ ನೀರಿನಲ್ಲಿ ಒರೆಸಿ ಹಳೆಯ ಫಿನಾಯಿಲ್ ಅಂಶ ತೆಗೆಯಿರಿ, ಯಾಕೆಂದರೆ ಅದು ಎಂಜೈಮನ್ನು ಕೆಲಸ ಮಾಡಲು ಬಿಡುವುದಿಲ್ಲ. ಆಮೇಲೆ ಕ್ಲೀನರನ್ನು ಧಾರಾಳವಾಗಿ ಹಾಕಿ. ಉಚ್ಚೆ ಎಷ್ಟು ಆಳಕ್ಕೆ ಇಳಿದಿದೆಯೋ ಇದೂ ಅಷ್ಟು ಇಳಿಯಬೇಕು. ಸೋಫಾದ ಸ್ಪಂಜಿಗೆ ಸ್ಪ್ರೇ ಹೊಡೆದು ಒರೆಸಿದರೆ ಏನೇನೂ ಆಗುವುದಿಲ್ಲ. ಬಾಟಲಿಯ ಮೇಲೆ ಬರೆದಷ್ಟು ಹೊತ್ತು ಒದ್ದೆಯಾಗಿಯೇ ಬಿಟ್ಟು, ತಾನಾಗಿ ಒಣಗಲಿ. ಕ್ಲೀನರ್ ಸಿಗದಿದ್ದರೆ ಎಂಜೈಮ್ ಇರುವ ಬಟ್ಟೆ ಸೋಪಿನ ಪುಡಿಯನ್ನು ಒಂದಕ್ಕೆ ಹತ್ತರಷ್ಟು ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ ತೊಳೆಯಿರಿ, ಚೆನ್ನಾಗಿ ನೀರು ಹಾಕಿ, ಒಣಗಿದ ಮೇಲೆ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಒರೆಸಿ. ಸ್ಪಿರಿಟ್ ಹಚ್ಚುವಾಗ ಒಲೆ ಆರಿಸಿ, ದೀಪ ಉರಿಯುತ್ತಿರಬಾರದು. ಸಿಲಿಂಡರ್ ಹತ್ತಿರ, ದೇವರ ಮನೆ ಬಾಗಿಲಲ್ಲಿ ಸ್ಪಿರಿಟ್ ಬೇಡವೇ ಬೇಡ.

ವಿನೆಗರ್ ಹಾಕಿ ಅಂತ ಕೆಲವರು ಹೇಳುತ್ತಾರೆ. ಟೈಲ್ಸಿಗೆ ಪರವಾಗಿಲ್ಲ. ಕಡಪಾ ಕಲ್ಲು, ಮಾರ್ಬಲ್, ಮೊಸಾಯಿಕ್, ಹಳೇ ರೆಡ್ ಆಕ್ಸೈಡ್ ನೆಲಕ್ಕೆ ಹಾಕಬೇಡಿ, ಹೊಳಪು ಹೋಗಿ ಕಲೆ ಉಳಿಯುತ್ತದೆ. ಬಾಡಿಗೆ ಮನೆ ಬೇರೆ. ಬ್ಲೀಚಿಂಗ್ ಪೌಡರನ್ನಂತೂ ಉಚ್ಚೆಯ ಮೇಲೆ ಹಾಕಲೇಬೇಡಿ. ಉಚ್ಚೆಯ ಅಮೋನಿಯಾ ಜೊತೆ ಸೇರಿ ಕೆಟ್ಟ ಗಾಳಿ ಏಳುತ್ತದೆ, ಉಸಿರಾಟಕ್ಕೆ ಅಪಾಯ.

ರಾತ್ರಿ ದೀಪ ಆರಿಸಿ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಹಿಡಿದು ಮನೆಯೆಲ್ಲ ನೋಡಿ. ಹಳೆಯ ಕಲೆಗಳು ಹಳದಿ ಹಸಿರಾಗಿ ಹೊಳೆಯುತ್ತವೆ. ನಿಮಗೆ ಗೊತ್ತಿಲ್ಲದ ನಾಲ್ಕಾರು ಜಾಗ ಸಿಗಬಹುದು. ನಿಮಗಿಂತ ಮೊದಲು ಆ ಮನೆಯಲ್ಲಿದ್ದವರು ನಾಯಿ ಸಾಕಿದ್ದರಾ ಅಂತ ಮಾಲೀಕರನ್ನು ಕೇಳಿ. ಸಾಕಿದ್ದರೆ ಕರಿಯ ಉತ್ತರ ಬರೆಯುತ್ತಿರುವುದು ಆ ಹಳೇ ನಾಯಿಗೆ.

ಸಿಲಿಂಡರ್ ಮತ್ತು ಚಪ್ಪಲಿ ಸ್ಟ್ಯಾಂಡೇ ಯಾಕೆ ಅಂತ ಯೋಚಿಸಿದ್ದೀರಾ? ಸಿಲಿಂಡರ್ ನೂರಾರು ಮನೆ ಸುತ್ತಿ, ಗಾಡಿಯಲ್ಲಿ ಉರುಳಿ, ಬೀದಿ ಬದಿಯಲ್ಲಿ ನಿಂತು ಬಂದಿರುತ್ತದೆ. ಬೇರೆ ನಾಯಿ ಅದಕ್ಕೆ ಕಾಲೆತ್ತಿರುವ ಸಾಧ್ಯತೆಯೂ ಇದೆ. ಚಪ್ಪಲಿಯ ಅಡಿಯಲ್ಲಿ ಇಡೀ ಬಡಾವಣೆಯ ನಾಯಿಗಳ ಸುದ್ದಿ ಅಂಟಿಕೊಂಡು ಬರುತ್ತದೆ. ಹೊಸ ವಾಸನೆ ಒಳಗೆ ಬಂದಾಗ ಅದರ ಮೇಲೆ ತನ್ನದನ್ನು ಹಾಕುವುದು ಗಂಡುನಾಯಿಯ ಸ್ವಭಾವ. ಹಾಗಾಗಿ ಹೊಸ ಸಿಲಿಂಡರ್ ಬಂದ ದಿನ ಬುಡದ ರಿಂಗನ್ನು ಸೋಪು ನೀರಿನಲ್ಲಿ ಒರೆಸಿ, ಒಣಗಿಸಿಯೇ ಒಳಗಿಡಿ. ಚಪ್ಪಲಿಗಳು ಬಾಗಿಲಿರುವ ಗೂಡಿಗೆ ಹೋಗಲಿ. ನೆಂಟರ ಬ್ಯಾಗು, ಸೂಟ್‌ಕೇಸ್ ನೆಲದ ಮೇಲೆ ಬೇಡ, ಮಂಚದ ಮೇಲಿರಲಿ. ಸೋಫಾದ ಹತ್ತಿರ, ತೊಳೆದು ಒಣಗಿದ ಮೇಲೆ, ಕರಿಯನ ಹಾಸಿಗೆ ಹಾಕಿ, ಊಟದ ತಟ್ಟೆಯನ್ನೂ ಅಲ್ಲೇ ಇಡಿ. ಉಣ್ಣುವ, ಮಲಗುವ ಜಾಗದಲ್ಲಿ ನಾಯಿ ಸಾಮಾನ್ಯವಾಗಿ ಕಾಲೆತ್ತುವುದಿಲ್ಲ. ದೇವರ ಮನೆಗೆ ಈ ಉಪಾಯ ಅತ್ತೆಯವರು ಒಪ್ಪಲಿಕ್ಕಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಅಲ್ಲಿಗೆ ಪುಟ್ಟ ಮಕ್ಕಳಿಗೆ ಹಾಕುವಂಥ ಅಡ್ಡ ಗೇಟು ಹಾಕಿಬಿಡಿ. ಅವರ ಮನಸ್ಸು ಸಮಾಧಾನವಾಗಿದ್ದರೆ ಕರಿಯನ ಕೆಲಸ ಅರ್ಧ ಸುಲಭ. ಬಾಲ್ಕನಿಯಿಂದ ಬೀದಿನಾಯಿಗಳನ್ನು ನೋಡಿ ಬೊಗಳಿ, ಒಳಗೆ ಬಂದು ಕಾಲೆತ್ತುತ್ತಾನಾ ಅಂತಲೂ ಗಮನಿಸಿ. ಹಾಗಿದ್ದರೆ ಬಾಲ್ಕನಿ ಕಂಬಿಗೆ ಕೆಳಗಿನ ಮೂರಡಿ ಹಸಿರು ನೆಟ್ ಕಟ್ಟಿ.

ಈಗ ಬೆಳಗಿನ ಮಡುವಿನ ವಿಷಯಕ್ಕೆ ಬರೋಣ. ನಂಜನಗೂಡಿನಲ್ಲಿ ಅವನು ಸರಿಯಾಗಿದ್ದ ಅಂತ ನಿಮ್ಮ ಪತ್ರ ಓದಿದರೆ ಅನ್ನಿಸುತ್ತದೆ. ನಿಜವಾಗಿ ನೋಡಿದರೆ ಅವನಿಗೆ ಮನೆ ತರಬೇತಿ ಆಗಿರಲೇ ಇಲ್ಲ. ಹಿತ್ತಿಲ ಬಾಗಿಲು ತೆರೆದಿತ್ತು, ಕಾಲಡಿಯಲ್ಲಿ ಮಣ್ಣಿತ್ತು. ತಡೆಯಬೇಕು, ಕೇಳಬೇಕು ಅನ್ನುವ ಪ್ರಸಂಗವೇ ಬರಲಿಲ್ಲ. ಈಗ ಎರಡು ಮಹಡಿ ಇಳಿಯಬೇಕು, ಅದೂ ನಿಮ್ಮನ್ನು ಎಬ್ಬಿಸಿ. ಅದು ಹೇಗೆ ಅಂತ ಯಾರೂ ಅವನಿಗೆ ಹೇಳಿಕೊಟ್ಟಿಲ್ಲ. ಹಾಗಾಗಿ ಎರಡು ತಿಂಗಳ ಮರಿ ಈಗಷ್ಟೇ ಮನೆಗೆ ಬಂತು ಅಂದುಕೊಂಡು ನಾಲ್ಕು ವಾರ ಮೊದಲಿಂದ ಶುರುಮಾಡಿ.

ದಿನಕ್ಕೆ ನಾಲ್ಕು ಸಲ ಹೊರಗೆ: ಎದ್ದ ತಕ್ಷಣ, ಬೆಳಗಿನ ತಿಂಡಿಯ ನಂತರ, ಸಂಜೆ, ರಾತ್ರಿ ಮಲಗುವ ಮೊದಲು. ಎದ್ದ ತಕ್ಷಣ ಅಂದರೆ ನಿಮ್ಮ ಕಾಫಿಗಿಂತ ಮೊದಲು. ಪ್ರತಿ ಸಲ ಮಣ್ಣು, ಹುಲ್ಲು ಇರುವ ಒಂದೇ ಜಾಗಕ್ಕೆ ಕರೆದುಕೊಂಡು ಹೋಗಿ, ಮಾತಾಡದೆ ನಿಂತುಕೊಳ್ಳಿ. ಉಚ್ಚೆ ಮಾಡಲು ಶುರುಮಾಡಿದಾಗ ಒಂದು ಮಾತು ಹೇಳಿ, "ಮಾಡ್ಕೋ" ಅಂತಲೋ ಏನೋ, ಮನೆಯವರೆಲ್ಲರೂ ಅದೇ ಮಾತು. ಮುಗಿಸಿದ ಕೂಡಲೇ, ಅಲ್ಲೇ, ಜೇಬಿನಿಂದ ಬೇಯಿಸಿದ ಕೋಳಿಯ ಚೂರೋ ಪನೀರಿನ ಚೂರೋ ಕೊಡಿ. ಮನೆಗೆ ಬಂದು ಕೊಟ್ಟರೆ ಮೆಟ್ಟಿಲು ಹತ್ತಿದ್ದಕ್ಕೆ ಬಹುಮಾನ ಸಿಕ್ಕಿತು ಅಂದುಕೊಳ್ಳುತ್ತಾನೆ.

ಇನ್ನೊಂದು ತಪ್ಪನ್ನು ದಿನಾ ನೋಡುತ್ತೇನೆ. ಆಫೀಸಿಗೆ ಹೊತ್ತಾಯಿತು ಅಂತ, ನಾಯಿ ಉಚ್ಚೆ ಮಾಡಿದ ತಕ್ಷಣ ಎಳೆದುಕೊಂಡು ವಾಪಸ್. ನಾಯಿ ಬೇಗ ಲೆಕ್ಕ ಹಾಕುತ್ತದೆ: ಮಾಡಿದರೆ ಸುತ್ತಾಟ ಮುಗಿಯಿತು. ಆಮೇಲೆ ತಡೆಹಿಡಿದು, ಎಳೆದಾಡಿ, ಕೊನೆಗೆ ಮನೆಯಲ್ಲೇ ಮಾಡುತ್ತದೆ. ಉಚ್ಚೆ ಮೊದಲು, ಸುತ್ತಾಟ ಆಮೇಲೆ, ಹೀಗಿರಲಿ. ಐದೇ ನಿಮಿಷವಾದರೂ ಸರಿ. ಮರ, ಕಲ್ಲು, ಬೇಲಿ ಮೂಸಲು ಬಿಡಿ. ಹೊರಗೆ ಹೊಟ್ಟೆತುಂಬ ಗುರುತು ಹಾಕಿದವನಿಗೆ ಒಳಗೆ ಹಾಕುವ ಆಸೆ ಕಡಿಮೆಯಾಗುತ್ತದೆ. ಬೇರೆಯವರ ಗಾಡಿ, ಗೇಟಿಗೆ ಬೇಡ. ಜೊತೆಗೊಂದು ನೀರಿನ ಬಾಟಲಿ ಇರಲಿ.

ರಾತ್ರಿ ಏನು ಹಾಕುತ್ತೀರಿ ಅಂತ ಬರೆದಿಲ್ಲ. ನಮ್ಮ ಕಡೆ ಹೆಚ್ಚಾಗಿ ರಾಗಿ ಗಂಜಿಯೋ ಮಜ್ಜಿಗೆ ಅನ್ನವೋ ಇರುತ್ತದೆ. ಅದರಲ್ಲಿ ಅರ್ಧ ಲೀಟರ್ ನೀರು ಸುಲಭವಾಗಿ ಸೇರಿರುತ್ತದೆ. ರಾತ್ರಿ ಒಂಬತ್ತೂವರೆಗೆ ಕುಡಿದ ಗಂಜಿ ಬೆಳಗ್ಗೆ ಐದಕ್ಕೆ ಹೊರಗೆ ಬರಲೇಬೇಕಲ್ವಾ? ಗಂಜಿಯನ್ನು ಬೆಳಗ್ಗೆ ಕೊಡಿ. ರಾತ್ರಿಯೂಟ ಏಳು ಗಂಟೆಗೆ, ಗಟ್ಟಿಯಾಗಿರಲಿ. ಆದರೆ ಕುಡಿಯುವ ನೀರನ್ನು ಯಾವತ್ತೂ ಎತ್ತಿಡಬೇಡಿ.

ಮನೆಯೊಳಗೆ ಈ ನಾಲ್ಕು ವಾರ ಅವನು ಯಾರಾದರೊಬ್ಬರ ಕಣ್ಣಳತೆಯಲ್ಲೇ ಇರಬೇಕು. ಹಗುರವಾದ ಉದ್ದ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು ಅಡುಗೆ ಮಾಡಿ. ಗೋಡೆಯಂಚು ಮೂಸುತ್ತಾ ಹೋಗುವುದು, ಕಂಬದಂಥ ವಸ್ತುವಿಗೆ ಪಕ್ಕೆ ತಿರುಗಿಸಿ ನಿಲ್ಲುವುದು ಕಂಡರೆ ತಕ್ಷಣ ಕರೆದು ಹೊರಡಿ. ನೋಡಿಕೊಳ್ಳಲಾಗದ ಹೊತ್ತಿನಲ್ಲಿ, ರಾತ್ರಿಯೂ, ಅವನ ಹಾಸಿಗೆ ಇರುವ ಒಂದು ಚಿಕ್ಕ ಕೋಣೆ ಅಥವಾ ಕ್ರೇಟ್ (ನಾಯಿಗೆಂದೇ ಇರುವ ಬಾಗಿಲಿನ ಗೂಡು). ನಿಂತು, ತಿರುಗಿ, ಕಾಲು ಚಾಚಿ ಮಲಗುವಷ್ಟು ಜಾಗ ಬೇಕು. ಮೊದಲ ವಾರ ಬಾಗಿಲು ತೆರೆದಿಟ್ಟು, ಊಟ ಒಳಗೇ ಕೊಟ್ಟು ಅಭ್ಯಾಸ ಮಾಡಿಸಿ. ಹಗಲು ಒಂದೇ ಸಮನೆ ನಾಲ್ಕು ಗಂಟೆ ಮೀರಿ ಮುಚ್ಚಬೇಡಿ. ಅದು ಶಿಕ್ಷೆಯ ಜಾಗ ಆಗಲೇಬಾರದು.

ಗೋಡೆಯ ಕ್ಯಾಲೆಂಡರಿನಲ್ಲಿ ಒಳಗೆ ಆದ ದಿನಕ್ಕೆ ಚುಕ್ಕೆ ಹಾಕಿ. ಎರಡು ವಾರ ಚುಕ್ಕೆ ಇಲ್ಲದಿದ್ದರೆ ಒಂದು ಕೋಣೆ ಹೆಚ್ಚು ಬಿಟ್ಟುಕೊಡಿ. ಮತ್ತೆ ಚುಕ್ಕೆ ಬಿದ್ದರೆ ಒಂದು ಕೋಣೆ ಹಿಂದಕ್ಕೆ.

ಇನ್ನು ಬೀಜ ತೆಗೆಸುವ ಮಾತು. ನನ್ನ ಉತ್ತರ: ಮಾಡಿಸಿ, ಆದರೆ ಅದೊಂದನ್ನೇ ನಂಬಿಕೊಳ್ಳಬೇಡಿ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಪರೇಷನ್ ಆದ ಗಂಡುನಾಯಿಗಳಲ್ಲಿ ಶೇಕಡ 60ಕ್ಕಿಂತ ಹೆಚ್ಚಿನವು ಮನೆಯೊಳಗೆ ಗುರುತು ಹಾಕುವುದನ್ನು ಅರ್ಧಕ್ಕರ್ಧ ಅಥವಾ ಅದಕ್ಕೂ ಹೆಚ್ಚು ಕಡಿಮೆ ಮಾಡಿದವು. ಬಹುತೇಕ ಪೂರ್ತಿ ಬಿಟ್ಟದ್ದು ಶೇಕಡ 25ರಿಂದ 40. ವಯಸ್ಸಾದ ನಾಯಿಗೂ, ಹಳೇ ಚಾಳಿಗೂ ಫಲ ಅಷ್ಟೇ ಸಿಕ್ಕಿತು, ಇದು ಒಳ್ಳೆಯ ಸುದ್ದಿ. ಆದರೆ ಬೆಳಗಿನ ಮಡುವಿಗೂ ಆಪರೇಷನ್ನಿಗೂ ಸಂಬಂಧವಿಲ್ಲ. ಭಯದಿಂದ, ಒಂಟಿತನದಿಂದ ಉಚ್ಚೆ ಮಾಡುವ ನಾಯಿಗೂ ಇದರಿಂದ ಲಾಭವಿಲ್ಲ. ಫಲ ಮಾರನೇ ದಿನವೇ ಕಾಣುವುದಿಲ್ಲ, ಕೆಲವು ವಾರಗಳಿಂದ ಕೆಲವು ತಿಂಗಳು ಹಿಡಿಯುತ್ತದೆ. ಅಷ್ಟರಲ್ಲಿ ಚಾಳಿ ಬೇರೂರದಂತೆ ಮೇಲಿನ ಕೆಲಸ ನಡೆಯುತ್ತಿರಬೇಕು. ಮೊದಲ ಒಂದೂವರೆ ತಿಂಗಳು ಬೆದೆಗೆ ಬಂದ ಹೆಣ್ಣುನಾಯಿಗಳ ಹತ್ತಿರ ಬಿಡಬೇಡಿ, ಅವನಿಂದ ಇನ್ನೂ ಗರ್ಭ ನಿಲ್ಲಬಹುದು.

ಕರಿಯನ ಬೆಳವಣಿಗೆ ಮುಗಿದಿದೆ, ವಯಸ್ಸು ಸರಿಯಾಗಿದೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ದೊಡ್ಡ ತಳಿಗಳಲ್ಲಿ ತೀರಾ ಚಿಕ್ಕ ವಯಸ್ಸಿಗೆ ಮಾಡಿಸಿದರೆ ಕೀಲಿನ ತೊಂದರೆ ಹೆಚ್ಚುತ್ತದೆ, ಅಂಥವರು ತಮ್ಮ ವೈದ್ಯರ ಜೊತೆ ಮಾತಾಡಿ ಸಮಯ ನಿರ್ಧರಿಸಲಿ. ವೃಷಣ ತೆಗೆದ ನಾಯಿಗೆ ಮುಂದೆ ವೃಷಣದ ಕ್ಯಾನ್ಸರ್ ಬರುವುದಿಲ್ಲ, ವಯಸ್ಸಾದ ಗಂಡುನಾಯಿಗಳನ್ನು ಕಾಡುವ ಪ್ರಾಸ್ಟೇಟ್ ಊತವೂ ಬರುವುದಿಲ್ಲ. ಗಾಯ ನೆಕ್ಕದಂತೆ ಹತ್ತು ಹದಿನಾಲ್ಕು ದಿನ ಕೊರಳಿಗೆ ಕೋನ್ ಹಾಕಬೇಕು. ಆಮೇಲೆ ತೂಕ ಏರುತ್ತದೆ, ಅನ್ನ ಸ್ವಲ್ಪ ಕಡಿಮೆ ಮಾಡಿ.

ಹೊಟ್ಟೆಗೆ ಸುತ್ತುವ ಬಟ್ಟೆ ಪಟ್ಟಿ ಸಿಗುತ್ತದೆ, ಒಳಗೆ ಪ್ಯಾಡ್ ಇಡುವಂಥದ್ದು. ನೆಂಟರ ಮನೆಗೆ ಹೋದಾಗ ಒಂದೆರಡು ಗಂಟೆಗೆ ಉಪಯೋಗಕ್ಕೆ ಬರುತ್ತದೆ. ಒದ್ದೆಯಾದ ಕೂಡಲೇ ಬದಲಿಸದಿದ್ದರೆ ಚರ್ಮ ಹುಣ್ಣಾಗುತ್ತದೆ. ಎರಡು ಮೂರು ತಿಂಗಳು ಇಷ್ಟೆಲ್ಲ ಮಾಡಿಯೂ ಇಳಿಯದಿದ್ದರೆ, ನಾಯಿ ಯಾವಾಗಲೂ ಗಾಬರಿಯಲ್ಲೇ ಇದ್ದರೆ, ಗಾಬರಿ ತಗ್ಗಿಸುವ ಮಾತ್ರೆಗಳಿವೆ. ಅವನ್ನು ವೈದ್ಯರೇ ನೋಡಿ ಕೊಡಬೇಕು. ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರಿನ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲೂ ತೋರಿಸಬಹುದು.

ಒರೆಸುವಾಗ ಕೈಗೆ ಗ್ಲೌಸ್ ಹಾಕಿಕೊಳ್ಳಿ. ಇಲಿ ಜ್ವರದ ರೋಗಾಣು ನಾಯಿಯ ಉಚ್ಚೆಯಿಂದಲೂ ಮನುಷ್ಯರಿಗೆ ಬರುತ್ತದೆ, ಮಳೆಗಾಲದಲ್ಲಿ ಹೆಚ್ಚು. ಕರಿಯನಿಗೆ ಪ್ರತಿ ವರ್ಷ ಅದರ ಲಸಿಕೆ ಆಗಿದೆಯಾ ಅಂತ ಕಾರ್ಡಿನಲ್ಲಿ ನೋಡಿ.

ವಾಪಸ್ ಊರಿಗೆ ಬಿಡಬೇಡಿ. ನೀವಿಲ್ಲದ ಆ ಬೀದಿ ಅವನ ಊರಲ್ಲ, ಅಲ್ಲಿನ ನಾಯಿಗಳು ಈಗ ಅವನನ್ನು ಸೇರಿಸುವುದೂ ಕಷ್ಟ. ಹಬ್ಬಕ್ಕೆ ಕರೆದುಕೊಂಡು ಹೋಗಿ ಬನ್ನಿ. ಗೌರಿ ಗಣೇಶ ಬರುವುದು ಭಾದ್ರಪದದಲ್ಲಿ, ಬೀದಿನಾಯಿಗಳು ಬೆದೆಗೆ ಬರುವುದೂ ಹೆಚ್ಚಾಗಿ ಅದೇ ಹೊತ್ತಿಗೆ. ಗಂಡುನಾಯಿಗಳಿಗೆ ಆಗ ಊಟ ನಿದ್ದೆ ಬೇಡ, ಕಂಡಕಂಡಲ್ಲಿ ಕಾಲೆತ್ತುತ್ತವೆ. ನಂಜನಗೂಡಿನಲ್ಲಿ ಹಗ್ಗ ಬಿಡದೆ ಹಿಡಿದುಕೊಂಡಿರಿ. ಮೈಸೂರಿಗೆ ಮರಳಿದ ಮೇಲೆ ಮೂರು ದಿನ ಮೊದಲ ವಾರದ ನಿಯಮಗಳನ್ನೇ ಮತ್ತೆ ಹಾಕಿ: ಸೊಂಟಕ್ಕೆ ಹಗ್ಗ, ದಿನಕ್ಕೆ ನಾಲ್ಕು ಸಲ ಹೊರಗೆ, ಜೇಬಿನಲ್ಲಿ ಪನೀರು. ಊರಿಂದ ತಂದ ಚೀಲಗಳು ಮಾತ್ರ ಮಂಚದ ಮೇಲಿರಲಿ.